ಹೊಲಿಗೆಗೆ ಬಿಟ್ಟ ಎರಡು ಬೆರಳು

ಗೋಡೆಗಳ ಮೇಲೆ ಚಿತ್ರ ಬರೆಯುವುದು ನನ್ನ ಕಸುಬು. ಒಬ್ಬಳೇ ಬರೆಯುವುದಿಲ್ಲ, ಆ ಗೋಡೆಯ ಮುಂದೆ ದಿನಾ ಓಡಾಡುವವರ ಕೈಗೇ ಬ್ರಷ್ ಕೊಟ್ಟು ಬರೆಸುತ್ತೇನೆ. ಶಾಲೆ, ಬಸ್ ನಿಲ್ದಾಣ, ಜೈಲು ಎಲ್ಲ ಆಗಿದೆ. ಟೈಲರ್ ಆಗಿರುವ ನನ್ನಕ್ಕ ಮಾತ್ರ ಇದನ್ನು ಕೆಲಸ ಅಂತ ಒಪ್ಪಿದವಳೇ ಅಲ್ಲ. ಅಂಗಡಿಗೆ ಬಂದವರು ತಂಗಿ ಏನು ಮಾಡುತ್ತಾಳೆಂದು ಕೇಳಿದರೆ, "ಅಲ್ಲಿ ಇಲ್ಲಿ ಬಣ್ಣ ಹಚ್ಕೊಂಡು ಓಡಾಡ್ತಾಳೆ" ಅನ್ನುತ್ತಾಳೆ. ಕೇಳಿದಾಗಲೆಲ್ಲ ಮೈ ಉರಿಯುತ್ತದೆ. ಯಾರು ಹೊಗಳಿದರೂ ನನಗೆ ಸಾಲದು, ಅವಳು ಒಂದು ಸಲ ಒಪ್ಪಬೇಕು.

ಈ ಸಲ ಸಿಕ್ಕಿದ್ದು ಆಸ್ಪತ್ರೆಯಲ್ಲಿ ರೋಗಿಗಳು ಸರದಿ ಕಾಯುವ ಕೋಣೆ. ಅಲ್ಲಿನ ಜನರನ್ನೇ ಕಾಗದದ ಮೇಲೆ ಆಳೆತ್ತರಕ್ಕೆ ಬರೆದೆ. ಆ ಆಕಾರಗಳನ್ನು ಕತ್ತರಿಸಿ, ಗೋಡೆಗೆ ಅಂಟಿಸಿ, ಸುತ್ತ ಸೀಮೆಸುಣ್ಣದ ಗೆರೆ ಎಳೆದು, ಕಾಗದ ತೆಗೆಯಬೇಕು; ಗೆರೆಯೊಳಗೆ ಬಣ್ಣ ತುಂಬುವುದು ಅವರ ಪಾಲು. ಕತ್ತರಿಸಿಕೊಡು ಅಂತ ಅಕ್ಕನ ಕೈಕಾಲು ಹಿಡಿದೆ. ಗೊಣಗುತ್ತಲೇ ಬಂದಳು.

ಅವಳ ಕತ್ತರಿ ಸರಸರ ಓಡಿತು. ನಾನು ಒಂದೊಂದಾಗಿ, ಬರೆದ ಬದಿ ಗೋಡೆಗೆ ಬರುವಂತೆ ಮಗುಚಿ ಅಂಟಿಸಿ, ಗೆರೆ ಎಳೆದು, ಕಾಗದ ತೆಗೆದು, ಏಣಿ ಇಳಿದು ನೋಡಿದರೆ ಎಲ್ಲರೂ ಊದಿಕೊಂಡಿದ್ದಾರೆ! ಕಡ್ಡಿಯಂಥ ಕಾಂಪೌಂಡರ್ ಪೈಲ್ವಾನನಾಗಿದ್ದಾನೆ. ಒಬ್ಬರಿಗೂ ಇನ್ನೊಬ್ಬರಿಗೂ ನಡುವೆ ನಾನು ಅಳೆದು ಬಿಟ್ಟಿದ್ದ ಜಾಗವೇ ಮಾಯ.

"ಅಕ್ಕಾ, ಗೆರೆ ಮೇಲೇ ಕತ್ತರಿಸಿದ್ಯಾ?"

"ಗೆರೆ ಮೇಲೆ ಯಾರಾದ್ರೂ ಕತ್ತರಿಸ್ತಾರಾ? ಹೊಲಿಗೆಗೆ ಅಂತ ಎರಡು ಬೆರಳು ಬಿಡಬೇಡ್ವಾ?" ಅಂದವಳು ಅಲ್ಲೇ ನಾಲಿಗೆ ಕಚ್ಚಿಕೊಂಡಳು. ಮುಖ ಸಪ್ಪಗಾಯಿತು. "ನಿನ್ನ ಗೋಡೆ ಹಾಳ್ಮಾಡ್ಬಿಟ್ಟೆ ಕಣೇ. ನಾನು ಬರಲೇಬಾರದಿತ್ತು." ಚೀಲ ಎತ್ತಿಕೊಂಡಳು.

ಹೀಗೆ ಹೋದರೆ ಇನ್ನು ನನ್ನ ಗೋಡೆಯ ಕಡೆ ತಲೆ ಹಾಕಿಯೂ ಮಲಗುವವಳಲ್ಲ. ಗೆರೆಗಳನ್ನು ಅಳಿಸಲು ಬಟ್ಟೆ ನನ್ನ ಹೆಗಲ ಮೇಲೇ ಇತ್ತು, ಆದರೆ ಅವಳೆದುರಿಗೆ ಅದನ್ನು ಮುಟ್ಟಲು ಕೈ ಬರಲಿಲ್ಲ. ಮತ್ತೊಮ್ಮೆ ಗೋಡೆ ನೋಡಿದೆ. ಆಮೇಲೆ ಬೆಂಚು ನೋಡಿದೆ. ಅಲ್ಲೂ ಐದು ಜನರ ಜಾಗದಲ್ಲಿ ಏಳು ಜನ ಹೆಗಲಿಗೆ ಹೆಗಲು ಒತ್ತಿಕೊಂಡು ಕೂತಿದ್ದರು. ನಾನು ಬರೆದ ಹಾಗೆ ದೂರದೂರ ಯಾರೂ ಇರಲಿಲ್ಲ.

"ಇದೇ ಇರಲಿ ಅಕ್ಕಾ."

"ನನ್ನ ಸಮಾಧಾನಕ್ಕೆ ಹೇಳ್ಬೇಡ."

ಅಷ್ಟರಲ್ಲಿ ಕಾಂಪೌಂಡರ್ ಬಂದು ಗೋಡೆಯ ಮುಂದೆ ನಿಂತ. "ಇದು ನಾನಾ? ಒಳ್ಳೇದಾಯ್ತು, ಇದನ್ನ ನಮ್ಮಮ್ಮಂಗೆ ತೋರಿಸ್ತೀನಿ. ಊಟ ಮಾಡಲ್ಲ ಅಂತ ದಿನಾ ತಲೆ ತಿಂತಾಳೆ." ಬೆಂಚಿಗೆ ಬೆಂಚೇ ನಕ್ಕಿತು. ಕೆಮ್ಮುತ್ತಿದ್ದ ಅಜ್ಜಿಯೊಬ್ಬಳು ಎದ್ದು ಬಂದು, ತನ್ನ ಪಕ್ಕದವಳ ಆಕಾರಕ್ಕೆ ತಾನೇ ಬಣ್ಣ ಹಚ್ಚುತ್ತೇನೆಂದು ಹಟ ಹಿಡಿದಳು. ಅಕ್ಕ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು, ಚೀಲ ಕೆಳಗಿಟ್ಟಳು.

ಮಾರನೇ ದಿನ ಕರೆಯದೇ ಬಂದಳು. ಕಾಂಪೌಂಡರನ ಹೊಟ್ಟೆಗೆ ನೀಲಿ ಹಚ್ಚುತ್ತಿದ್ದಾಗ ಅವಳ ಫೋನ್ ಬಡಿದುಕೊಂಡಿತು. ಗಿರಾಕಿ ಯಾರೋ ಅಂಗಡಿ ಬಾಗಿಲಲ್ಲಿ ನಿಂತಿರಬೇಕು.

"ಇವತ್ತು ಅಂಗಡಿ ಇಲ್ಲ," ಅಂದಳು ಅಕ್ಕ, ಬ್ರಷ್ ನಿಲ್ಲಿಸದೆ. "ನಾನೂ ನನ್ನ ತಂಗೀನೂ ಕೆಲಸದಲ್ಲಿದ್ದೀವಿ."

ನಾನು ಏಣಿಯ ಮೇಲಿದ್ದೆ. ಉಕ್ಕಿದ ಸಂತೋಷ ಅವಳಿಗೆ ಕಾಣದಿರಲೆಂದು ಬಹಳ ಹೊತ್ತು ಗೋಡೆಗೆ ಮುಖ ಮಾಡಿಕೊಂಡೇ ಇದ್ದೆ.