ಗ್ರಹಗಳಿಗೆ ಬಾಗಿಲು ಬಿಟ್ಟವಳು

ನಾನು ಒಂದು ಪೆನ್ನು. ಆದರೆ ನನ್ನ ಹೊಟ್ಟೆಯಲ್ಲಿ ಎಂದೂ ಶಾಯಿ ಇರಲಿಲ್ಲ. ಮುಂಬಯಿಯ ಇಕ್ಕಟ್ಟಾದ ಕಾರ್ಖಾನೆಯೊಂದರಲ್ಲಿ ಮರದ ಹಿಡಿಕೆ ಕಡೆದು, ತುದಿಗೆ ಸಾಸಿವೆಗಿಂತ ಸಣ್ಣ ಉಕ್ಕಿನ ಗುಂಡು ಕೂರಿಸಿ ನನ್ನನ್ನು ಮಾಡಿದರು. ಸೈಕ್ಲೋಸ್ಟೈಲ್ ಯಂತ್ರಕ್ಕೆ ಹಾಕುವ ಮೇಣದ ಹಾಳೆಯ ಮೇಲೆ ಗೀರುವುದು ನನ್ನ ಕೆಲಸ. ಗೀರಿದಲ್ಲಿ ಮೇಣ ಸರಿಯುತ್ತದೆ. ಹಾಳೆಯನ್ನು ಯಂತ್ರಕ್ಕೆ ಸುತ್ತಿ ಹಿಡಿ ತಿರುಗಿಸಿದರೆ ಆ ಗೀರಿನಿಂದ ಶಾಯಿ ಇಳಿದು ಕಾಗದದ ಮೇಲೆ ಅಚ್ಚಾಗುತ್ತದೆ. ಝೆರಾಕ್ಸ್ ಬರುವ ಮೊದಲು ಪ್ರಶ್ನೆಪತ್ರಿಕೆ, ಸಂಘದ ನೋಟೀಸು ಎಲ್ಲ ಹೀಗೇ ಹುಟ್ಟುತ್ತಿದ್ದವು.

ಒಂದು ಯಂತ್ರದ ಜೊತೆಗೆ ಅದೇ ಪೆಟ್ಟಿಗೆಯಲ್ಲಿ ಹುಬ್ಬಳ್ಳಿಗೆ ಬಂದೆ. ದುರ್ಗದಬೈಲಿನ ಹತ್ತಿರದ ಟೈಪಿಂಗ್ ಇನ್‌ಸ್ಟಿಟ್ಯೂಟು ನನ್ನ ಮನೆಯಾಯಿತು. ಅದರ ಮಾಲೀಕರು ನನ್ನಿಂದ ಸಹಿ ಮಾಡುತ್ತಿದ್ದರು, ಶೀರ್ಷಿಕೆಗಳ ಕೆಳಗೆ ಗೆರೆ ಎಳೆಯುತ್ತಿದ್ದರು. ಬದುಕು ನೆಟ್ಟಗಿತ್ತು, ಗೆರೆಯ ಹಾಗೆ. ಸ್ವಲ್ಪ ಬೇಸರವೂ ಇತ್ತು.

ಆಮೇಲೆ ಯಮುನಾ ಹೆಬಸೂರ ಕೆಲಸಕ್ಕೆ ಸೇರಿದಳು. ಮೂವತ್ತೈದರ ಹೆಂಗಸು, ಟೈಪಿಂಗ್ ಕಲಿಸುವವಳು. ಯಾರು ಏನು ಹೇಳಿದರೂ 'ಆಗ್ಲಿ ಬಿಡ್ರಿ' ಎನ್ನುವ ಸ್ವಭಾವ. ಅವಳ ಬಾಯಿ ಹೇಳದ್ದು ನನಗೆ ಬೆರಳಿನಿಂದ ತಿಳಿಯುತ್ತಿತ್ತು. ಖುಷಿಯಾದಾಗ ನನ್ನನ್ನು ಹಗುರಾಗಿ ಹಿಡಿಯುತ್ತಿದ್ದಳು. ಸಿಟ್ಟು ಬಂದಾಗ ನನ್ನ ಮರ ನೋಯುತ್ತಿತ್ತು.

ಆ ಊರಿನ ರೈಲ್ವೆ ವರ್ಕ್‌ಶಾಪಿನ ಗುರುಪಾದಪ್ಪನಿಗೆ ವೈಜ್ಞಾನಿಕ ಕಥೆಗಳ ಹುಚ್ಚು. ತನ್ನಂಥ ಹುಚ್ಚರನ್ನು ಕೂಡಿಸಿ ಬಳಗ ಕಟ್ಟಿದ್ದ, 'ಏಳನೆಯ ಗ್ರಹ' ಎಂಬ ಪತ್ರಿಕೆ ಹೊರಡಿಸಿದ್ದ. ಕಥೆಗಳನ್ನು ತಂದು ಕೊಟ್ಟರೆ ಯಮುನಾ ಮೇಣದ ಹಾಳೆಗೆ ಟೈಪ್ ಮಾಡಿ ಅಚ್ಚು ಹಾಕುತ್ತಿದ್ದಳು. ಒಮ್ಮೆ ಕಥೆಯೊಂದು ಅರ್ಧ ಪುಟಕ್ಕೇ ಮುಗಿಯಿತು. ಉಳಿದ ಜಾಗದಲ್ಲಿ ಅವಳು ನನ್ನಿಂದ ಒಂದು ರಾಕೆಟ್ಟು ಬಿಡಿಸಿದಳು. ಮೇಲೆ ಒಂದು ಚಂದ್ರ, ಗುಂಡಗೆ, ತುಂಬು ಪ್ರೀತಿಯಿಂದ, ಒತ್ತಿ.

ಅದೇ ತಪ್ಪಾಯಿತು. ಮೇಣದ ಹಾಳೆಯಲ್ಲಿ ಒತ್ತಿ ಪೂರ್ತಿ ವೃತ್ತ ಎಳೆದರೆ ನಡುವಿನ ಬಿಲ್ಲೆ ಕಳಚಿ ಬೀಳುತ್ತದೆ. ಯಂತ್ರ ತಿರುಗಿತು, ಚಂದ್ರ ಬಿದ್ದ, ಕಾಗದದ ಮೇಲೆ ಕಪ್ಪು ಕಡಬಿನಂಥ ಮುದ್ದೆ ಬಂತು.

ಗುರುಪಾದಪ್ಪ ಹೊಟ್ಟೆ ಹಿಡಿದು ನಕ್ಕ. "ಅಕ್ಕಾರ, ಇದೇನ್ರೀ, ಚಂದ್ರಗ ಯಾರರೆ ಡಾಂಬರ ಹೊಡದಾರೇನ್ರಿ?"

"ನೀವs ಅಲ್ಲೇನ್ರಿ ಬರದದ್ದು, ಚಂದ್ರನ ಮ್ಯಾಲ ರಸ್ತಾ ಮಾಡ್ಲಿಕ್ಕತ್ತಾರಂತ?" ಎಂದಳು ಯಮುನಾ.

ಮುಂದಿನ ಸಂಚಿಕೆಯಿಂದ ಅವಳು ಪ್ರತಿ ವೃತ್ತದಲ್ಲೂ ಚೂರು ಜಾಗ ಬಿಟ್ಟು ಎಳೆಯತೊಡಗಿದಳು. ಬಿಲ್ಲೆ ಅಲ್ಲಿ ಹಾಳೆಗೆ ಅಂಟಿಕೊಂಡು ನಿಲ್ಲುತ್ತಿತ್ತು. ಕಾರಣ ಇಷ್ಟೇ. ಆದರೆ ಓದುಗರು ಸುಮ್ಮನಿರುವ ಜನವಲ್ಲ. 'ಏಳನೆಯ ಗ್ರಹ'ದ ಎಲ್ಲ ಗ್ರಹಗಳಿಗೂ ಬಾಗಿಲಿದೆ ಎಂದು ಬಿಜಾಪುರದಿಂದ ಒಬ್ಬಳು ನರ್ಸು, ಜುಬೇದಾ, ಪತ್ರ ಬರೆದಳು. ಬಾಗಿಲಲ್ಲ, ಅದು ಗಾಳಿ ಸೋರುವ ಕಿಂಡಿ ಎಂದು ಗದಗಿನಿಂದ ಉತ್ತರ ಬಂತು. ಮೂರು ವರ್ಷ ಜಗಳ ನಡೆಯಿತು. ಕಥೆಗಾರರು ಆ ಬಾಗಿಲುಗಳಿಗೆ ತಕ್ಕ ಕಥೆ ಬರೆಯಲು ಶುರುಮಾಡಿದರು! ಯಮುನಾ ಪತ್ರಗಳನ್ನು ಟೈಪ್ ಮಾಡುತ್ತ ಒಬ್ಬಳೇ ನಗುತ್ತಿದ್ದಳು. ಆ ದಿನಗಳಲ್ಲಿ ನಾನು ಅವಳ ಕೈಯಲ್ಲಿ ಗರಿಯಷ್ಟು ಹಗುರ.

ಅವಳು ಏನೇನೋ ಬಿಡಿಸಿದಳು. ಆರು ಕೈಯ ಶುಕ್ರವಾಸಿಗಳು, ಹೆಲ್ಮೆಟ್ಟಿನೊಳಗೆ ತುರುಬು ಕಟ್ಟಿದ ಗಗನಯಾತ್ರಿ, ತೂಕವಿಲ್ಲದ ಜಾಗದಲ್ಲಿ ರೊಟ್ಟಿಯ ಹಿಂದೆ ಓಡುವ ಅಡುಗೆಯವಳು. ಆದರೆ ಪತ್ರಿಕೆಯ ಕೊನೆಯಲ್ಲಿ ಬರುತ್ತಿದ್ದುದು 'ಟೈಪಿಂಗ್: ಯಮುನಾ ಹೆಬಸೂರ' ಎಂದಷ್ಟೇ. ಗುರುಪಾದಪ್ಪ ಕೆಟ್ಟವನಲ್ಲ. ಅವನ ಲೆಕ್ಕದಲ್ಲಿ ಚಿತ್ರವೆಂದರೆ ಖಾಲಿ ಜಾಗ ತುಂಬುವ ಉಪಾಯ. ಒಮ್ಮೊಮ್ಮೆ ಎಲ್ಲರೂ ಹೋದ ಮೇಲೆ ಅವಳು ಕೆಟ್ಟುಹೋದ ಹಾಳೆಯ ಅಂಚಿನಲ್ಲಿ 'ಚಿತ್ರಗಳು: ಯಮುನಾ ಹೆಬಸೂರ' ಎಂದು ಗೀರುತ್ತಿದ್ದಳು. ನೋಡುತ್ತಿದ್ದಳು. ಮುದುಡಿ ಬುಟ್ಟಿಗೆ ಹಾಕುತ್ತಿದ್ದಳು. ಆ ಸಾಲನ್ನು ಕೇಳಿ ಪಡೆಯಬಹುದೆಂದು ಅವಳಿಗೆ ಯಾರೂ ಕಲಿಸಿರಲಿಲ್ಲ.

ಹತ್ತನೆಯ ವರ್ಷದ ವಿಶೇಷಾಂಕ ಬಂತು. ಗುರುಪಾದಪ್ಪ ಹುರುಪಿನಿಂದ ಹೇಳಿದ: "ಈ ಸಲ ಪ್ರೆಸ್ಸಿನ್ಯಾಗ ಬಣ್ಣದ ಕವರ್ ಮಾಡಿಸೇನ್ರಿ ಅಕ್ಕಾರ. ಒಬ್ಬ ಡ್ರಾಯಿಂಗ್ ಮಾಸ್ತರ ಬರದು ಕೊಟ್ಟಾರ. ನಿಮಗ್ಯಾಕ ಸುಮ್ನ ತ್ರಾಸ!"

"ಆಗ್ಲಿ ಬಿಡ್ರಿ," ಎಂದಳು ಯಮುನಾ. ಆ ಮಧ್ಯಾಹ್ನ ನನ್ನನ್ನು ಹಿಡಿದ ಬಿಗಿಗೆ ಹಾಳೆ ಹರಿದೇ ಹೋಯಿತು.

ಬಳಗದ ಮೇಳ ಧಾರವಾಡದ ಒಂದು ಶಾಲೆಯಲ್ಲಿ ಸೇರಿತು. ಪ್ರತಿ ಮೇಳದಲ್ಲೂ ಅಲ್ಲೇ ಒಂದು ಹಾಳೆ ಅಚ್ಚು ಮಾಡಿ ಬಂದವರಿಗೆ ಹಂಚುವುದು ಅವರ ಪದ್ಧತಿ. ಅದಕ್ಕಾಗಿ ಯಂತ್ರವೂ, ಅದರ ಪೆಟ್ಟಿಗೆಯಲ್ಲಿ ನಾನೂ, ಹಿಂದೆ ಯಮುನಾಳೂ ಬಸ್ಸಿನಲ್ಲಿ ಹೋದೆವು. ಹೊಸ ಕವರ್ ಕೈಯಿಂದ ಕೈಗೆ ಹೋಯಿತು. ನೀಲಿ ಆಕಾಶ, ಮೂರು ದುಂಡನೆಯ ಗ್ರಹಗಳು, ನಯವಾದ ಪೂರ್ತಿ ವೃತ್ತಗಳು.

ಒಬ್ಬ ದಪ್ಪ ಹೆಂಗಸು ಎದ್ದು ನಿಂತಳು. "ನಾ ಜುಬೇದಾ, ಬಿಜಾಪುರದಾಕಿ. ಗ್ರಹದ ಬಾಗಲಾ ಯಾಕ ಮುಚ್ಚೀರ್ರಿ? ಒಳಗಿದ್ದವ್ರು ಹೊರಗ ಹ್ಯಾಂಗ ಬರಬೇಕು?"

ಸಭೆ ನಕ್ಕಿತು. ಆದರೆ ಹಲವರು "ಹೌದು ಹೌದು" ಎಂದರು. ಗುರುಪಾದಪ್ಪ ತಡವರಿಸಿದ. "ಅದು... ಇದನ್ನ ಬ್ಯಾರೇದವ್ರು ಬರದಾರ್ರಿ. ಮೊದಲಿನ ಚಿತ್ರ ಅಂದ್ರ, ನಮ್ಮ ಬಳಗದ್ದು..."

ಯಮುನಾ ಯಂತ್ರದ ಪಕ್ಕದಲ್ಲಿ ನಿಂತಿದ್ದಳು. ನಾನು ಅವಳ ಕೈಯಲ್ಲಿದ್ದೆ. ಬೆರಳು ಮೊದಲು ಬೆವೆತವು, ಆಮೇಲೆ ಗಟ್ಟಿಯಾದವು.

"ಬಳಗದ್ದಲ್ರಿ. ನಂದು," ಎಂದಳು. ದನಿ ಸಣ್ಣದಿತ್ತು, ಆದರೆ ಎಲ್ಲರೂ ತಿರುಗಿ ನೋಡಿದರು. "ಎಲ್ಲಾ ಚಿತ್ರಾ ನಾನs ತಗದದ್ದು. ಮತ್ತ ಅದು ಬಾಗಲಾ ಅಲ್ಲ. ನಡುವಿನ ಬಿಲ್ಲಿ ಕಳಚಿ ಬೀಳಬಾರ್ದಂತ ಬಿಟ್ಟ ಜಾಗಾ."

ಮೂರು ವರ್ಷದ ಜಗಳ ಒಂದೇ ಮಾತಿಗೆ ಬಿದ್ದುಹೋಗಿತ್ತು.

"ಜಾಗಾ ಬಿಟ್ಟಾಕಿ ನೀನs ಹೌದಿಲ್ಲವಾ?" ಎಂದಳು ಜುಬೇದಾ. "ಹಂಗಾರ ಬಾಗಲಾ ಇಟ್ಟಾಕೀನೂ ನೀನs. ಬಾ ಮುಂದ. ಇವತ್ತಿನ ಹಾಳಿ ನಮ್ಮೆದುರಿಗೆ ತಗಿ."

ಯಮುನಾ ಮುಂದೆ ಬಂದಳು. ಎಲ್ಲರೂ ಮೇಜನ್ನು ಮುತ್ತಿಕೊಂಡರು. ಅವಳು ಒಂದು ದೊಡ್ಡ ಗ್ರಹ ಎಳೆದಳು, ಅದರ ತೆರೆದ ಜಾಗದಿಂದ ಇಣುಕುವ ಒಬ್ಬ ದಪ್ಪ ನರ್ಸನ್ನೂ. ಜುಬೇದಾ ಚಪ್ಪಾಳೆ ತಟ್ಟಿದಳು. ಕೊನೆಗೆ ಯಮುನಾ ಕೆಳಗೆ ಬರೆದಳು: ಚಿತ್ರ, ಯಮುನಾ ಹೆಬಸೂರ. ಈ ಸಲ ಮುದುಡಲಿಲ್ಲ. ಯಂತ್ರ ತಿರುಗಿಸಿದವನು ಗುರುಪಾದಪ್ಪ. "ತಪ್ಪಾತ್ರಿ ಅಕ್ಕಾರ," ಎಂದ, ಮುಖ ಎತ್ತದೆ. ಅವಳು "ಆಗ್ಲಿ ಬಿಡ್ರಿ" ಎನ್ನಲಿಲ್ಲ. "ಮುಂದಿನ ಸಂಚಿಕಿಯಿಂದ ಹೆಸರು ಹಾಕ್ರಿ," ಎಂದಳು.

ಹಾಕಿದ. ಆ ಹೆಸರು ಕಂಡು ಬೇರೆ ಪತ್ರಿಕೆಗಳು ಚಿತ್ರ ಕೇಳಿ ಬರೆದವು, ಮಕ್ಕಳ ಪುಸ್ತಕದವರು ಬಂದರು. ಯಮುನಾ ನೌಕರಿ ಬಿಟ್ಟಳು, ಹೊರಡುವಾಗ ಮಾಲೀಕರನ್ನು ಕೇಳಿ ನನ್ನನ್ನು ಜೊತೆಗೆ ತಂದಳು. ಮೇಣದ ಹಾಳೆಯ ಕಾಲ ಮುಗಿಯಿತು. ಅವಳು ಕುಂಚ, ಬಣ್ಣ ಹಿಡಿದಳು. ನಾನು ಅವಳ ಹೊಲಿಗೆಯ ಡಬ್ಬಿ ಸೇರಿದೆ. ಹೊಲಿದ ಚೀಲವನ್ನು ಮಗುಚಿದಾಗ ಒಳಗಿನಿಂದ ಒತ್ತಿ ಮೂಲೆ ಚೂಪಾಗಿಸುವುದು ಈಗ ನನ್ನ ಕೆಲಸ. ಸೂಜಿಗಳು ಒಳ್ಳೆಯ ಜೊತೆಗಾರರು, ಸ್ವಲ್ಪ ಚುಚ್ಚುಮಾತಿನವರು.

ನಿನ್ನೆ ಅವಳು ಫೋನಿನಲ್ಲಿ ಯಾರೋ ಪ್ರಕಾಶಕರ ಜೊತೆ ಮಾತಾಡುತ್ತಿದ್ದಳು. ಎಪ್ಪತ್ತು ದಾಟಿದ ದನಿ, ಕೋಣೆಯ ತುಂಬ ಕೇಳುತ್ತಿತ್ತು. "ಕಥಿ ಬರದವ್ರ ಹೆಸರಿನಷ್ಟs ದೊಡ್ಡದು ಹಾಕ್ರಿ ನನ್ನ ಹೆಸರು... ಜಾಗಾ ಇಲ್ಲಾ? ನನ್ನ ರಾಕೆಟ್ಟು ಚೂರು ಮ್ಯಾಲ ಸರಸ್ರಿ, ಆಗ್ತದ. ಮ್ಯಾಲ ಹೋಗೂದs ಅದರ ಕೆಲಸ."

ಅತ್ತಲಿಂದ ಒಪ್ಪಿರಬೇಕು. ಅವಳು ಜೋರಾಗಿ ನಕ್ಕಳು. ಅವಳ ಮನಸ್ಸು ತಿಳಿಯಲು ಈಗ ಯಾರೂ ಅವಳ ಬೆರಳ ಸಂದಿನಲ್ಲಿ ಇರಬೇಕಾಗಿಲ್ಲ. ನಾನು ಸೂಜಿಗಳ ನಡುವೆ ನೆಮ್ಮದಿಯಾಗಿ ಹೊರಳಿ ಮಲಗಿದೆ.