ಮತ್ತೆ ತೊಂಬತ್ತು ಲಕ್ಷ

"ಅಲ್ರೀ ಮೇಷ್ಟ್ರೇ, ಎಲ್ಲಿ ಎಷ್ಟು ದುಡ್ಡಿಟ್ಟಿದೀನಿ ಅಂತ್ಲೇ ಗೊತ್ತಿಲ್ಲದ ಹೆಂಗಸಿಗೆ ಗಣಿತ ಯಾಕ್ರೀ? ಮೊದ್ಲು ಅವಳಿಗೊಂದು ಒಳ್ಳೆ ಬೀಗ ಕೊಡ್ಸಿ!"

ತರಗತಿಯಲ್ಲಿದ್ದ ಉಳಿದ ಹನ್ನೊಂದು ಮಂದಿ ಹೆಂಗಸರೂ ನಕ್ಕರು. ಹೇಳಿದ ಮಾಲ್ಸುನ್ ಮಾತ್ರ ನಗಲಿಲ್ಲ. ಕಡಲೂರು ಟೊಂಗ್ಯೊಂಗಿನ ಪೇಟೆಯಲ್ಲಿ ಮೂವತ್ತು ವರ್ಷದಿಂದ ಒಣ ನೆತ್ತಲಿ ಮೀನು ಮಾರುವ ಆಕೆಗೆ ಕೋಪ ಯಾವಾಗಲೂ ಮೂಗಿನ ತುದಿಯಲ್ಲೇ ಇರುತ್ತದೆ. ಮಧ್ಯಾಹ್ನ ಎರಡಕ್ಕೆ, ವ್ಯಾಪಾರ ತಣ್ಣಗಾದ ಹೊತ್ತಿನಲ್ಲಿ, ಪೇಟೆ ಸಂಘದ ಮಹಡಿಯ ಮೇಲೆ ಈ ಪಾಠ ನಡೆಯುತ್ತಿತ್ತು. ಎಳೆತನದಲ್ಲಿ ಶಾಲೆ ಬಿಟ್ಟವರಿಗೆಲ್ಲ ಮಾಧ್ಯಮಿಕ ಶಾಲೆಯ ಪರೀಕ್ಷೆ ಕಟ್ಟಿಸುವ ಪಾಠ.

ಹಲಗೆಯ ಮೇಲೆ ಲೆಕ್ಕ ನಿಂತಿತ್ತು. ಒಬ್ಬ ಹೆಂಗಸು ಒಂದು ಕೋಟಿ ವೊನ್ ಹಣವನ್ನು ಎರಡು ಠೇವಣಿಗಳಲ್ಲಿ ಹಂಚಿಟ್ಟಳು. ಒಂದಕ್ಕೆ ವರ್ಷಕ್ಕೆ ನೂರಕ್ಕೆ ಮೂರು ಬಡ್ಡಿ, ಇನ್ನೊಂದಕ್ಕೆ ಐದು. ವರ್ಷದ ಕೊನೆಗೆ ಎರಡೂ ಸೇರಿ ನಾಲ್ಕು ಲಕ್ಷ ಇಪ್ಪತ್ತು ಸಾವಿರ ಬಂತು. ಐದರ ಠೇವಣಿಯಲ್ಲಿ ಇಟ್ಟದ್ದು ಎಷ್ಟು? ನಲವತ್ತು ಲಕ್ಷವೋ, ಅರವತ್ತೋ, ಎಂಬತ್ತೋ, ತೊಂಬತ್ತೋ?

"ಎಕ್ಸ್ ಅಂದ್ಕೊಳ್ಳಿ," ಎಂದರು ಪ್ಯೋ ಮೇಷ್ಟ್ರು. ಊರಿನ ಬ್ಯಾಂಕಿನಲ್ಲಿ ಮೂವತ್ತೊಂದು ವರ್ಷ ಕಿಟಕಿಯ ಹಿಂದೆ ಕೂತು ನಿವೃತ್ತರಾದವರು. ಸಂಬಳವಿಲ್ಲದೆ ಪಾಠ ಹೇಳುತ್ತಿದ್ದರು, ತಾಳ್ಮೆಯನ್ನೂ ಸ್ವಂತ ಖರ್ಚಿನಲ್ಲೇ ತರುತ್ತಿದ್ದರು.

ಮಾಲ್ಸುನ್‌ಗೆ ಎಕ್ಸ್ ಕಂಡರಾಗದು. ಕಣ್ಣು ಮುಚ್ಚಿ, ತುಟಿ ಅಲ್ಲಾಡಿಸಿ, ಮನಸ್ಸಿನಲ್ಲೇ ಕೂಡಿಸಿ ಕಳೆದು, "ತೊಂಬತ್ತು ಲಕ್ಷ" ಎಂದಳು.

"ಅರವತ್ತು."

"ತೊಂಬತ್ತಕ್ಕೇ ಹತ್ರ ಬರತ್ತೆ."

"ಹತ್ರ ಅಂದ್ರೇನಮ್ಮಾ? ಲೆಕ್ಕ ಅಂದ್ರೆ ಸರಿಯಾಗಿ ಬರ್ಬೇಕು. ಹೋದ ವಾರಾನೂ ಇದೇ ತೊಂಬತ್ತು!" ಮೇಷ್ಟ್ರ ಕೈಯಲ್ಲಿದ್ದ ಸೀಮೆಸುಣ್ಣ ಲಟಕ್ಕನೆ ಮುರಿಯಿತು. ಮೊದಲಿನಿಂದ ಮತ್ತೆ ಹೇಳಿಕೊಟ್ಟರು. ಅವಳು ಮೊದಲಿನಿಂದ ಮತ್ತೆ ತಪ್ಪಿದಳು.

ಕಳೆದ ವರ್ಷದ ಪರೀಕ್ಷೆಯಲ್ಲಿ ಅವಳಿಗೆ ಹದಿನಾರು ಅಂಕ ಕಮ್ಮಿಯಾಗಿತ್ತು. ಈ ಏಪ್ರಿಲ್‌ನಲ್ಲಿ ಬರೀ ಐದು. ಆರು ವಿಷಯ ಸೇರಿ ಮುನ್ನೂರ ಅರವತ್ತು ಬೇಕಿದ್ದ ಕಡೆ ಮುನ್ನೂರ ಐವತ್ತೈದು ಬಂದಿತ್ತು. ಗಣಿತದಲ್ಲಿ ಒಂದು ಪ್ರಶ್ನೆಗೆ ಐದು ಅಂಕ. ಒಂದೇ ಒಂದು ಪ್ರಶ್ನೆ! ಪಕ್ಕದ ಅಂಗಡಿಯ ಪಿಲ್ನಾಮ್ ಅದೇ ಏಪ್ರಿಲ್‌ನಲ್ಲಿ ಪಾಸಾಗಿ ಪ್ರೌಢಶಾಲೆಯ ತರಗತಿಗೆ ಏರಿದ್ದಳು. ಆ ತರಗತಿಯವರು ಅಕ್ಟೋಬರ್‌ನಲ್ಲಿ ಹಳೆಯ ರಾಜಧಾನಿ ಗ್ಯೊಂಗ್ಜುವಿಗೆ ಶಾಲಾ ಪ್ರವಾಸ ಹೊರಡುವವರಿದ್ದರು. ಹಳೆಯ ಕಾಲದ ಸಮವಸ್ತ್ರ ಬಾಡಿಗೆಗೆ ತಂದು, ಬಿಳಿ ಕಾಲರು ಹಾಕಿಕೊಂಡು, ಫೋಟೋ ತೆಗೆಸಿಕೊಳ್ಳುವುದೂ ಉಂಟು. ಹದಿಮೂರರ ವಯಸ್ಸಿನಲ್ಲಿ ಇಬ್ಬರೂ ಮೀನು ಒಣಗಿಸುವ ಅಂಗಳದಲ್ಲಿ ನಿಂತು ಅಂಥ ಪ್ರವಾಸದ ಬಸ್ಸು ಹೋಗುವುದನ್ನು ನೋಡಿದ್ದರು. ಈಗ ಒಬ್ಬಳು ಮಾತ್ರ ಬಸ್ಸು ಹತ್ತುತ್ತಾಳೆಂದರೆ ಇನ್ನೊಬ್ಬಳ ಹೊಟ್ಟೆ ಉರಿಯದೆ ಇರುತ್ತದೆಯೇ?

"ಪ್ರವಾಸದ ಪಟ್ಟಿ ನಾನೇ ಬರೀತಿರೋದು ಕಣೇ," ಎಂದಳು ಪಿಲ್ನಾಮ್. "ಆಗಸ್ಟಲ್ಲಿ ಮತ್ತೆ ಪರೀಕ್ಷೆ ಇದೆಯಲ್ಲ, ನಿನಗೆ ಕಿಟಕಿ ಪಕ್ಕದ ಸೀಟು ಖಾಲಿ ಬಿಟ್ಟಿದೀನಿ."

"ಅದ್ರಲ್ಲಿ ನಿನ್ನ ಕೈಚೀಲ ಕೂರಿಸ್ಕೋ, ಹೋಗು!"

ಮರುದಿನ ಪ್ಯೋ ಮೇಷ್ಟ್ರು ಅಂಗಡಿಗೇ ಬಂದರು. ಅರ್ಧ ಕಿಲೋ ನೆತ್ತಲಿ ತೂಗಲು ಹೇಳಿದರು, ಚೀಲ ಕೈಗೆ ಬಂದರೂ ನಿಂತೇ ಇದ್ದರು.

"ರಾತ್ರಿ ನಿದ್ದೆ ಬರ್ಲಿಲ್ಲಮ್ಮಾ. ಅಂದಾಜಿಗೆ ಹೇಳಿದ್ರೆ ಸಲ ಸಲಕ್ಕೂ ಬೇರೆ ಬೇರೆ ಉತ್ತರ ಬರ್ಬೇಕಿತ್ತು. ನಿಮಗೆ ಯಾವಾಗ್ಲೂ ತೊಂಬತ್ತೇ. ಅದು ಎಲ್ಲಿಂದ ಬರತ್ತೆ, ಬಾಯಿಬಿಟ್ಟು ಹೇಳಿ ನೋಡೋಣ."

"ಎಕ್ಸ್ ಇಲ್ದೆ ಹೇಳ್ಬಹುದಾ?"

"ಧಾರಾಳವಾಗಿ."

ಮಾಲ್ಸುನ್ ತಕ್ಕಡಿಯ ಪಕ್ಕದಲ್ಲೇ ಬೆರಳು ಮಡಚಿದಳು. "ಕೋಟಿ ಪೂರ್ತಿ ಮೂರಕ್ಕೇ ಇಟ್ಟಿದ್ರೆ ಮೂರು ಲಕ್ಷ ಬರ್ತಿತ್ತು. ಹತ್ತು ಲಕ್ಷ ಐದಕ್ಕೆ ಎತ್ತಿಟ್ರೆ ಇಪ್ಪತ್ತು ಸಾವಿರ ಜಾಸ್ತಿ. ಸರಿನಾ?"

"ಸರಿ! ನೂರಕ್ಕೆ ನೂರು ಸರಿ!" ಮೇಷ್ಟ್ರ ಮುಖ ಅರಳಿತು. "ಬಂದದ್ದು ನಾಲ್ಕು ಲಕ್ಷ ಇಪ್ಪತ್ತು ಸಾವಿರ. ಆಮೇಲೆ?"

"ಅದು ಕೈಗೆ ಬಂದದ್ದು. ತೆರಿಗೆ ಕತ್ತರಿಸೋಕೆ ಮುಂಚೆ ನಾಲ್ಕು ಲಕ್ಷ ತೊಂಬತ್ತಾರು ಸಾವಿರ ಇತ್ತಲ್ಲ! ಮೂರು ಲಕ್ಷಕ್ಕಿಂತ ಒಂದು ಲಕ್ಷ ತೊಂಬತ್ತಾರು ಸಾವಿರ ಜಾಸ್ತಿ ಆಯ್ತು. ಅಂದ್ರೆ ಐದಕ್ಕಿಟ್ಟಿದ್ದು ತೊಂಬತ್ತೆಂಟು ಲಕ್ಷ. ನಿಮ್ಮ ಪಟ್ಟೀಲಿ ಅದಿಲ್ಲ. ಅದಕ್ಕೇ ತೊಂಬತ್ತು ಅಂದೆ."

ಅವಳು ಗಲ್ಲಾಪೆಟ್ಟಿಗೆಯ ಅಡಿಯಿಂದ ಪಾಸ್‌ಬುಕ್ ಎಳೆದು ಮೇಷ್ಟ್ರ ಮೂಗಿನೆದುರು ಹಿಡಿದಳು. ಸಾಲು ಸಾಲಾಗಿ ಬಡ್ಡಿ, ಅದರ ಕೆಳಗೆ ನೂರಕ್ಕೆ ಹದಿನೈದು ಚಿಲ್ಲರೆ ತೆರಿಗೆ ಕಡಿತ.

"ಲೆಕ್ಕದಲ್ಲಿ... ತೆರಿಗೆ ಇರಲ್ಲಮ್ಮಾ," ಎಂದರು ಮೇಷ್ಟ್ರು.

"ಇರಲ್ವಾ? ಯಾವ ಊರಲ್ರೀ ಇರಲ್ಲ?"

"ಪುಸ್ತಕದಲ್ಲಿ."

ಮಾಲ್ಸುನ್‌ಗೆ ರಕ್ತ ತಲೆಗೇರಿತು. "ಮೂವತ್ತೊಂದು ವರ್ಷ ಕಿಟಕಿ ಹಿಂದೆ ಕೂತು, ನನ್ನ ಬಡ್ಡೀಲಿ ಒಂದು ವೊನ್ ಬಿಡದೆ ಕತ್ತರಿಸಿದವ್ರು ನೀವೇ ಅಲ್ವೇನ್ರೀ! ಹಲಗೆ ಮುಂದೆ ನಿಂತ ತಕ್ಷಣ ಮರೆತುಹೋಯ್ತಾ? ಏಪ್ರಿಲ್‌ನಲ್ಲೂ ಇಂಥದೇ ಪ್ರಶ್ನೆ ಬಂದಿತ್ತು. ಅಲ್ಲೂ ತೆರಿಗೆ ಸೇರಿಸಿದೆ. ಒಂದು ಮಾತು ಹೇಳೋಕೆ ನಿಮಗೆ ಇಷ್ಟು ದಿನ ಬೇಕಾಯ್ತಾ?"

ಆಚೀಚೆ ಅಂಗಡಿಯವರು ಇಣುಕಿದರು. ಮೇಷ್ಟ್ರು ನೆತ್ತಲಿ ಚೀಲವನ್ನು ಎದೆಗವಚಿಕೊಂಡು ತಲೆ ತಗ್ಗಿಸಿ, "ತಪ್ಪು ನಂದೇ" ಎಂದರು. ಅವಳು ಚಿಲ್ಲರೆ ಕೊಟ್ಟಳು. ತಪ್ಪು ಯಾರದಾದರೇನು, ಹೋದ ಏಪ್ರಿಲ್ ಹೋಗಿಯೇ ಹೋಗಿತ್ತು.

ಆಗಸ್ಟಿನ ಧಗೆಯಲ್ಲಿ ಚಾಂಗ್ವೊನ್‌ನ ಒಂದು ಶಾಲೆಯಲ್ಲಿ ಪರೀಕ್ಷೆ. ಹದಿನಾಲ್ಕನೆಯ ಪ್ರಶ್ನೆ ಅದೇ: ಒಬ್ಬ ಮನುಷ್ಯ, ಎರಡು ಠೇವಣಿ, ಒಟ್ಟು ಬಡ್ಡಿ. ತೆರಿಗೆಯ ಸುದ್ದಿಯೇ ಇರಲಿಲ್ಲ. ಮಾಲ್ಸುನ್ ಕಣ್ಣು ಮುಚ್ಚಿದಳು. ಮನಸ್ಸು ತನ್ನಷ್ಟಕ್ಕೆ ತೆರಿಗೆಯ ಕಡೆ ಹೊರಟಿತು. ಹಲ್ಲು ಕಚ್ಚಿ ಹಿಂದಕ್ಕೆಳೆದಳು. ಎಷ್ಟೊಂದು ಹಿಂಸೆ! ತನ್ನ ಕೈಯಾರೆ ದುಡಿದು, ಇಟ್ಟು, ಕತ್ತರಿಸಿಕೊಂಡು ಕಲಿತದ್ದನ್ನು ಪಕ್ಕಕ್ಕಿಟ್ಟು, ಪಾಸ್‌ಬುಕ್ಕನ್ನೇ ಕಾಣದವಳ ಹಾಗೆ ಕೂತು ಉತ್ತರಕ್ಕೆ ಗುರುತು ಹಾಕಿದಳು.

ಊರಿಗೆ ಮರಳುವ ಬಸ್ಸಿನಲ್ಲಿ ಜೊತೆಗೆ ಬಂದಿದ್ದ ಪಿಲ್ನಾಮ್ ಮೊಬೈಲಿನಲ್ಲಿ ಸರಿಯುತ್ತರಗಳನ್ನು ತೆಗೆದು ಒಂದೊಂದಾಗಿ ಓದಿದಳು. ಕೂಡಿಸಿದಳು, ಮತ್ತೊಮ್ಮೆ ಕೂಡಿಸಿದಳು. ಮುನ್ನೂರ ಅರವತ್ತು. ಒಂದು ಅಂಕ ಹೆಚ್ಚಿಲ್ಲ.

"ಪಾಸು ಕಣೇ! ಆ ಹದಿನಾಲ್ಕು ತಪ್ಪಿದ್ರೆ ಮತ್ತೆ ಐದೇ ಅಂಕ ಕಮ್ಮಿ ಆಗ್ತಿತ್ತು! ಅಯ್ಯೋ, ಯಾಕೇ ಅಳ್ತೀಯ?"

"ಸಿಟ್ಟಿಗೆ," ಎಂದಳು ಮಾಲ್ಸುನ್. "ಇಷ್ಟು ವರ್ಷ ಗೊತ್ತಿಲ್ದೆ ಇರೋದನ್ನೆಲ್ಲ ಗೊತ್ತು ಅಂತ ಮುಚ್ಚಿಟ್ಕೊಂಡು ಬಂದೆ. ಇವತ್ತು ಗೊತ್ತಿರೋದನ್ನ ಗೊತ್ತಿಲ್ಲ ಅಂತ ಬರೆದೆ. ಅದಕ್ಕೆ ಪಾಸು ಮಾಡಿದ್ರು ನೋಡು."

ಪಿಲ್ನಾಮ್ ಕೈಚೀಲದಿಂದ ಪ್ರವಾಸದ ಪಟ್ಟಿ ತೆಗೆದು ಮೊಣಕಾಲ ಮೇಲೆ ಹರಡಿದಳು. ಮಾಲ್ಸುನ್ ಕಣ್ಣೊರೆಸಿಕೊಂಡು ಪೆನ್ನು ಕಿತ್ತುಕೊಂಡಳು. ಬಸ್ಸು ಕುಲುಕುತ್ತಿದ್ದರೂ ಕಿಟಕಿ ಪಕ್ಕದ ಸೀಟಿಗೆ ತನ್ನ ಹೆಸರನ್ನು ಒತ್ತಿ ಒತ್ತಿ ಬರೆದಳು.