ಹಾಯಿಕಂಬದ ತುದಿಗೆ ಕೆಸರು

ನಿಂತಿರುವ ಯಾವ ವಸ್ತುವನ್ನೂ ಹೆರ್ಮಿನಿಯಾ ಅದರ ಪಾಡಿಗೆ ನಿಲ್ಲಲು ಬಿಟ್ಟವಳಲ್ಲ. ಕುರ್ಚಿಯಾಗಲಿ, ನಮ್ಮ ಹಾಯಿದೋಣಿ ಕ್ಲಬ್ಬಿನ ಅಂಗಳದ ಮೇಜಾಗಲಿ, ಯಾರೋ ಗೋಡೆಗೆ ಒರಗಿಸಿಟ್ಟ ಸೈಕಲ್ಲಾಗಲಿ, ಪಕ್ಕದಲ್ಲಿ ಹಾದುಹೋಗುವಾಗ ಎರಡು ಬೆರಳಿನಿಂದ ಮೆಲ್ಲನೆ ಒತ್ತಿ, ಅದು ಎಷ್ಟು ವಾಲುತ್ತದೆ, ಎಲ್ಲಿಯವರೆಗೆ ವಾಲಿ ತಾನಾಗಿ ಮರಳುತ್ತದೆ, ಎಲ್ಲಿಂದಾಚೆಗೆ ಮರಳಲಾರದು ಎಂಬುದನ್ನು ತಿಳಿದುಕೊಂಡೇ ಮುಂದಕ್ಕೆ ಹೆಜ್ಜೆಯಿಡುವಳು. ಒಮ್ಮೆ ಒಂದು ಮದುವೆಯಲ್ಲಿ ಇಗರ್ಜಿಯ ದೊಡ್ಡ ದೀಪಸ್ತಂಭವನ್ನೇ ಹೀಗೆ ಪರೀಕ್ಷಿಸಿ, ಪ್ರಾರ್ಥನೆ ನಿಲ್ಲಿಸಿ ಕಣ್ಣರಳಿಸಿದ ಪಾದ್ರಿಗೆ, "ಬುಡದಲ್ಲಿ ಭಾರ ಸಾಲ್ದು ಫಾದರ್. ಒಂದಿಷ್ಟು ಮರಳು ತುಂಬ್ಸಿ, ಅಷ್ಟೇ ಕಥೆ" ಎಂದು ಬುದ್ಧಿ ಹೇಳಿದ್ದಳು. ಆ ದಿನ ಮದುಮಗಳಿಗಿಂತ ದೀಪಸ್ತಂಭವನ್ನೇ ಜನ ಹೆಚ್ಚು ನೋಡಿದರು.

"ಅಷ್ಟೇ ಕಥೆ" ಎಂಬುದು ಆಕೆಯ ಮಾತಿನ ಪೂರ್ಣವಿರಾಮ. ಗಂಡ ತೆಯೋಫಿಲೊ ಸತ್ತ ಸುದ್ದಿಯನ್ನು ನಮಗೆ ತಿಳಿಸಿದಾಗಲೂ ಆಕೆ ಆ ಮಾತನ್ನೇ ಸೇರಿಸಿದ್ದಳು. ಆದರೆ ಅಂದು ಅದನ್ನು ಹೇಳಿ ಮುಗಿಸಲು ಬಹಳ ಹೊತ್ತು ಹಿಡಿಯಿತು. ತೆಯೋಫಿಲೊ ಬಂದರಿನಲ್ಲಿ ಹಡಗೆಳೆಯುವ ದೋಣಿಯವನು, ಬಾಗಿಲು ತುಂಬುವ ಆಳು. ಅವನು ಬಿಟ್ಟುಹೋದ ಹಳದಿ ಎಣ್ಣೆಬಟ್ಟೆಯ ಕೋಟು ಹೆರ್ಮಿನಿಯಾಳ ಮೈಗೆ ಹೊಲಿಸಿದಂತೆ ಕೂತಿತು, ಏಕೆಂದರೆ ಆಕೆಯೂ ಅದೇ ಅಳತೆಯವಳು. ಬಿಸಿಲಿರಲಿ, ಮೋಡವಿರಲಿ, ಆ ಕೋಟು ತೊಟ್ಟು, ಎಡಕ್ಕೊಮ್ಮೆ ಬಲಕ್ಕೊಮ್ಮೆ ತೂಗುತ್ತ, ನಮ್ಮೂರು ಪುಂಟಾ ಲಾರಾದ ನದಿದಂಡೆಯ ಮೇಲೆ ಆಕೆ ಬರುತ್ತಿದ್ದರೆ ನಾಯಿಗಳು ಸಹ ದಾರಿ ಬಿಡುತ್ತಿದ್ದವು. ಎಲ್ಲರ ಬಾಯಲ್ಲೂ ಆಕೆ ಗೋರ್ದಾ, ಅಂದರೆ ಡುಮ್ಮಿ. ನಮ್ಮಲ್ಲಿ ಅದು ಬೈಗುಳವಲ್ಲ, ಮುದ್ದಿನ ಹೆಸರು. ಆಕೆಯ ವಿಷಯದಲ್ಲಂತೂ ಪದವಿ.

ಪದವಿ ಎಂದದ್ದು ಸುಮ್ಮನಲ್ಲ, ಆಕೆಯ ತೂಕ ನಮ್ಮ ಕ್ಲಬ್ಬಿನ ಸಾರ್ವಜನಿಕ ಆಸ್ತಿಯಾಗಿತ್ತು. ನಾವು ಓಡಿಸುವುದು ಕ್ಯಾಟಮರಾನ್ ಎಂಬ ಜೋಡಿ ಒಡಲಿನ ಪುಟ್ಟ ಹಾಯಿದೋಣಿಗಳನ್ನು. ಒಂಟಿ ಒಡಲಿನ ದೋಣಿ ವಾಲಿ, ನರಳಿ, ಎಚ್ಚರಿಸಿ ಆಮೇಲೆ ಬೀಳುತ್ತದೆ; ಇದು ಹಾಗಲ್ಲ, ಕೊನೆಯ ಗಳಿಗೆಯವರೆಗೂ ರಾಜಗಾಂಭೀರ್ಯದಿಂದಿದ್ದು ಒಮ್ಮೆಗೇ ಮಗುಚುತ್ತದೆ, ಮಗುಚಿದ ಮೇಲೆ ಅಷ್ಟೇ ಗಾಂಭೀರ್ಯದಿಂದ ಮಲಗಿಬಿಡುತ್ತದೆ. ಎಬ್ಬಿಸಬೇಕಾದರೆ ನೀರಿನಲ್ಲಿರುವ ಒಡಲ ಮೇಲೆ ನಿಂತು, ಆಕಾಶ ನೋಡುತ್ತಿರುವ ಇನ್ನೊಂದು ಒಡಲ ಮೇಲಿಂದ ಬಂದ ಎಳೆಹಗ್ಗವನ್ನು ಹಿಡಿದು, ನೀರಿನ ಮೇಲೆ ಬೆನ್ನು ಚಾಚಿ ಒರಗಬೇಕು. ಅಲ್ಲಿ ತೋಳಿನ ಬಲ ನಡೆಯದು, ತೂಕವೇ ಮಾತಾಡಬೇಕು. ನಾವು ಬೆವರು ಸುರಿಸಿ ಸೋತ ದೋಣಿಗಳನ್ನು ಹೆರ್ಮಿನಿಯಾ ಆರಾಮಕುರ್ಚಿಯಲ್ಲಿ ಒರಗುವವಳಂತೆ ಒರಗಿ ಎಬ್ಬಿಸಿಬಿಡುತ್ತಿದ್ದಳು.

ಹೊಸದಾಗಿ ಕಲಿಯಬಂದವರಿಗೆ ಆಕೆಯ ಮೊದಲ ಪಾಠ ಬೀಳುವುದು. ಓಡಿಸುವುದನ್ನು ಗಾಳಿಯೇ ಕಲಿಸುತ್ತದೆ ಎಂಬುದು ಆಕೆಯ ವಾದ. ತಣ್ಣೀರಿನಿಂದ ತಲೆಯೆತ್ತಿ, ನಾಚಿಕೆಯಿಂದ ಅತ್ತಿತ್ತ ನೋಡುವ ದೊಡ್ಡ ಗಂಡಸರಿಗೆ ಆಕೆ ಹೇಳುತ್ತಿದ್ದ ಮಾತು ನಮ್ಮ ದಂಡೆಯ ಗಾದೆಯೇ ಆಗಿಹೋಗಿದೆ: "ಬಿದ್ದಿದ್ದು ದೋಣಿ ಕಣೋ, ನೀನಲ್ಲ." ಆಮೇಲೆ ಕಿವಿ ಕಿತ್ತುಹೋಗುವಂತೆ ಇನ್ನೊಂದು ಕೂಗು: "ಹಾಯಿಹಗ್ಗ ಬಿಡ್ರೋ! ಮೊದ್ಲು ಹಾಯಿಹಗ್ಗ ಬಿಡಿ!" ಹಾಯಿಯನ್ನು ಬಿಗಿದ ಹಗ್ಗವನ್ನು ಸಡಿಲಿಸದೆ ದೋಣಿಯನ್ನು ಎಬ್ಬಿಸಿದರೆ, ಎದ್ದ ಕೂಡಲೇ ಅದರ ಹಾಯಿಗೆ ಗಾಳಿ ತುಂಬಿ, ಎಬ್ಬಿಸಿದವರನ್ನು ನೀರಿನಲ್ಲೇ ಬಿಟ್ಟು, ಕೃತಘ್ನ ಕುದುರೆಯಂತೆ ಓಡಿಹೋಗುತ್ತದೆ.

ನಮ್ಮ ಲಾ ಪ್ಲಾತಾ ನದಿಗೆ ಆಚೆ ದಡ ಕಾಣದು, ಆದರೆ ಆಳವೂ ಇಲ್ಲ. ಹಾಲು ಬೆರೆಸಿದ ಕಾಫಿಯ ಬಣ್ಣದ ನೀರಿನ ಕೆಳಗೆ ತಳವೆಲ್ಲ ಕೆಸರು. ದೋಣಿ ಪೂರ್ತಿ ತಲೆಕೆಳಗಾದರೆ ಹಾಯಿಕಂಬದ ತುದಿ ಆ ಕೆಸರಿಗೆ ನೆಟ್ಟುಕೊಳ್ಳುತ್ತದೆ. ಹಾಗಾಗಿ ಯಾರು ಎಷ್ಟು ಬಿದ್ದರೆಂಬುದನ್ನು ಕ್ಲಬ್ಬಿನಲ್ಲಿ ಬಾಯಿಬಿಟ್ಟು ಕೇಳಬೇಕಿಲ್ಲ, ಕಂಬದ ತುದಿ ನೋಡಿದರಾಯಿತು. ಅಲ್ಲಿ ಕೆಸರು ಮೆತ್ತಿಕೊಂಡು ಬಂದವರು ಆ ಭಾನುವಾರದ ಅಸಾದೋ, ಅಂದರೆ ಕೆಂಡದ ಮೇಲಿನ ಮಾಂಸ, ಸುಡಬೇಕು, ಹೊಗೆಯಲ್ಲಿ ಕಣ್ಣು ಒರೆಸಿಕೊಳ್ಳುತ್ತ ಎಲ್ಲರಿಗೂ ಮಾಂಸ ಬಡಿಸಬೇಕು. ಕೆಸರನ್ನು ನದಿಮಧ್ಯದಲ್ಲೇ ತೊಳೆದು ತರುವುದು ನಮ್ಮಲ್ಲಿ ಸುಳ್ಳು ಸಾಕ್ಷಿ ಹೇಳಿದಷ್ಟೇ ನಾಚಿಕೆಗೇಡು.

ಆ ಒಲೆಯ ಮುಂದೆ ಒಮ್ಮೆಯೂ ನಿಲ್ಲದವನೆಂದರೆ ಎವರಿಸ್ತೊ. ಕೈಗಡಿಯಾರ ರಿಪೇರಿ ಮಾಡಿ ನಿವೃತ್ತನಾದ, ಇಸ್ತ್ರಿಯ ಗೆರೆ ಕೆಡದ ಬಿಳಿ ಅಂಗಿಯ, ಕಡ್ಡಿಯಂತಹ ಮನುಷ್ಯ. ಒದ್ದೆಯಾಗುವುದೆಂದರೆ ಅವನಿಗೆ ಆಗದು. ದೋಣಿಗಳ ಹಿಂದೆ ಕಾವಲು ಸುತ್ತುವ ಮೋಟಾರ್ ಬೋಟನ್ನು ನಡೆಸುತ್ತ, ಬಿದ್ದವರನ್ನೆಲ್ಲ ಒಣ ಕೈಗಳಿಂದ ಎತ್ತಿಕೊಳ್ಳುತ್ತ ಕಾಲ ಕಳೆದವನು. ಆದರೂ ಪ್ರತಿ ವಸಂತದಲ್ಲಿ, ಋತುವಿನ ಮೊದಲ ದಿನ, ಟೋಪಿ ಕೈಯಲ್ಲಿ ಹಿಡಿದು ಹೆರ್ಮಿನಿಯಾಳ ಮುಂದೆ ನಿಲ್ಲುವನು. "ಈ ವರ್ಷನಾದ್ರೂ ನಿಮ್ಮ ದೋಣೀಲಿ ನನಗೊಂದು ಜಾಗ ಇದ್ಯಾ, ಸೆನ್ಯೋರಾ?"

"ಒದ್ದೆ ಛತ್ರಿಯಷ್ಟೂ ತೂಕ ಇಲ್ಲ ನಿಂಗೆ. ನಿನ್ನ ಕೂರಿಸ್ಕೊಂಡು ನಾನೇನ್ ಮಾಡ್ಲಿ? ಉಪ್ಪು ಹಾಕಿ ಒಣಗಿಸ್ಲಾ?"

ಅವನು ತಲೆಬಾಗಿ, ಟೋಪಿ ಹಾಕಿಕೊಂಡು ಹೋಗುವನು. ಮರುವರ್ಷ ಮತ್ತೆ ಬರುವನು. ಹೆರ್ಮಿನಿಯಾಳಿಗೆ ದೋಣಿಯಲ್ಲಿ ಯಾರೂ ಬೇಕಿರಲಿಲ್ಲ. ತೆಯೋಫಿಲೊ ಹೋದ ಮೇಲೆ ಸಂಜೆಯ ಹೊತ್ತು ಒಬ್ಬಳೇ ನದಿಗಿಳಿದು, ದಂಡೆ ಗೆರೆಯಷ್ಟಾಗುವವರೆಗೆ ಹೋಗಿ ಬರುವುದು ಆಕೆಯ ವ್ರತವಾಗಿತ್ತು. ಅಲ್ಲಿ ಏನು ಮಾಡುತ್ತೀ ಎಂದು ನಾನೊಮ್ಮೆ ಕೇಳಿದ್ದೆ. "ಜಗಳ ಆಡ್ತೀನಿ ಅವನ ಜೊತೆ" ಎಂದಳು. "ಮನೇಲಿ ಆಡಿದ್ರೆ ಪಕ್ಕದ ಮನೆಯವ್ರಿಗೆ ಕೇಳುತ್ತೆ."

ಹೀಗೆ ಒಂಟಿಯಾಗಿ ಹೋಗುವವರಿಗೊಂದು ಕಟ್ಟಳೆಯಿತ್ತು, ಅದನ್ನು ಮಾಡಿದವಳೂ ಆಕೆಯೇ. ಋತುವಿನ ಮೊದಲ ಭಾನುವಾರ, ಎಲ್ಲರೆದುರು, ತನ್ನ ದೋಣಿಯನ್ನು ತಾನೇ ಮಗುಚಿ, ತಾನೇ ಎಬ್ಬಿಸಿ, ತಾನೇ ಹತ್ತಿ ಕೂತವರಿಗೆ ಮಾತ್ರ ಆ ವರ್ಷ ಒಬ್ಬರೇ ಹೋಗುವ ಹಕ್ಕು. ಕ್ಲಬ್ಬಿನ ಅಧ್ಯಕ್ಷರೇ ಎಬ್ಬಿಸಲಾರದೆ ಸೋತು ಇಡೀ ಬೇಸಿಗೆ ಜೊತೆಗಾರನನ್ನು ಹುಡುಕಿಕೊಂಡು ಅಲೆದದ್ದುಂಟು.

ಆಮೇಲೆ ಒಂದು ಶರತ್ಕಾಲದ ಮಧ್ಯಾಹ್ನ ಮಾತೆ ಎಂಬ ನಮ್ಮ ಕಹಿ ಎಲೆಯ ಚಹಾ ತುಂಬಿದ ಸೋರೆಬುರುಡೆ ಕೈಯಿಂದ ಕೈಗೆ ಸುತ್ತುತ್ತಿತ್ತು. ಕೊಟ್ಟವರಿಗೆ ಥ್ಯಾಂಕ್ಸ್ ಅಂದರೆ ಇನ್ನು ಸಾಕು ಎಂದರ್ಥ. ಬೇಕಾದವರು ಸುಮ್ಮನೆ ಹೀರಿ ಹಿಂದಿರುಗಿಸುತ್ತಾರೆ. ಹೆರ್ಮಿನಿಯಾಳ ಬಾಯಲ್ಲಿ ಆ ಮಾತನ್ನು ನಾವ್ಯಾರೂ ಕೇಳಿರಲಿಲ್ಲ, ಬಿಸಿನೀರೇ ಮುಗಿಯಬೇಕಿತ್ತು. ಅಂದು ಮೊದಲ ಸುತ್ತಿಗೇ ಆಕೆ, "ಥ್ಯಾಂಕ್ಸ್" ಎಂದು ಬುರುಡೆ ಹಿಂದಿರುಗಿಸಿದಳು. ಕ್ಯಾಂಟೀನಿನ ಕ್ಲೋರಿಂದಾ ಕೈಯಲ್ಲಿದ್ದ ಕೆಟಲನ್ನು ಕೆಳಗಿಟ್ಟು, "ಏನಾಯ್ತೇ ನಿಂಗೆ?" ಎಂದು ಬಳಿಗೆ ಬಂದಳು. ಹೊಟ್ಟೆಯ ಕಾಯಿಲೆ. ಆಪರೇಷನ್ ಆಯಿತು, ಗುಣವೂ ಆಯಿತು. ಆದರೆ ಆಸ್ಪತ್ರೆಯಿಂದ ಮರಳಿದವಳು ಅರ್ಧ ಹೆರ್ಮಿನಿಯಾ. ಹಳದಿ ಕೋಟಿನೊಳಗೆ ಇನ್ನೊಬ್ಬರು ಬಾಡಿಗೆಗೆ ಇರಬಹುದಿತ್ತು.

ಚಳಿಗಾಲವಿಡೀ ಕ್ಲಬ್ಬಿಗೆ ಅವಳನ್ನು ದಪ್ಪ ಮಾಡುವುದೊಂದೇ ಕೆಲಸ. ಕ್ಲೋರಿಂದಾ ಬಾಣಂತಿಗೆ ಬಡಿಸುವಂತೆ ಆಲೂಗಡ್ಡೆಯ ನ್ಯೋಕಿ, ಕರಿದ ಮಾಂಸದ ಮಿಲನೆಸಾ, ಚಮಚ ನಿಲ್ಲುವಷ್ಟು ಗಟ್ಟಿಯಾಗಿ ಕಾಯಿಸಿದ ಸಿಹಿಹಾಲಿನ ದುಲ್ಸೆ ದೆ ಲೆಚೆ ತಂದು ಮುಂದಿಟ್ಟಳು. "ತಿನ್ನು ಗೋರ್ದಾ, ದೋಣಿ ಕಾಯ್ತಿದೆ" ಎಂಬ ಜಪ. ಮೀನು ತೂಗುವ ತಕ್ಕಡಿಯ ಮೇಲೆ ಆಕೆಯನ್ನು ನಿಲ್ಲಿಸಿ ಜನ ಸುತ್ತ ಕೂಡುತ್ತಿದ್ದರು. ಆಕೆ ತಿಂದಳು, ನಕ್ಕಳು, ಕ್ಲೋರಿಂದಾಳೇ ಎರಡು ಅಳತೆ ಊದಿಕೊಂಡಳು. ಹೆರ್ಮಿನಿಯಾ ಇದ್ದಲ್ಲೇ ಇದ್ದಳು.

ವಸಂತ ಬಂತು. ಈ ವರ್ಷ ಆಕೆಗೆ ಪರೀಕ್ಷೆ ಬೇಡ, ಗೌರವಾರ್ಥ ಬಿಟ್ಟುಬಿಡೋಣ ಎಂದು ಸಮಿತಿ ತೀರ್ಮಾನಿಸಿತು. "ನದಿಗೂ ನಿಮ್ಮ ತೀರ್ಮಾನ ಕಳ್ಸಿಕೊಟ್ರಾ?" ಎಂದು ಕೇಳಿ ಹೆರ್ಮಿನಿಯಾ ದೋಣಿ ಎಳೆದುಕೊಂಡು ನೀರಿಗೆ ನಡೆದಳು. ನೀರಿಗೆ ಚಾಚಿದ ಮರಗಟ್ಟೆಯ ಮೇಲೆ ನಾವೆಲ್ಲ ಸಾಲಾಗಿ ನಿಂತೆವು. ಸೋತರೆ ಆಕೆಗೆ ಆ ಸಂಜೆಗಳಿಲ್ಲ, ತೆಯೋಫಿಲೊ ಜೊತೆಗಿನ ಜಗಳವಿಲ್ಲ ಎಂದು ಎಲ್ಲರಿಗೂ ಗೊತ್ತಿತ್ತು. ಅಂದು ಯಾರೂ ಚೇಷ್ಟೆ ಮಾಡಲಿಲ್ಲ.

ದೋಣಿಯನ್ನು ಮಗುಚುವುದು ಆಕೆಗೆ ನೀರು ಕುಡಿದಷ್ಟು ಸುಲಭ. ಅದು ಪೂರ್ತಿ ತಲೆಕೆಳಗಾಗಿ, ಕಂಬ ಕೆಸರಿಗೆ ನೆಟ್ಟು, ತುಸು ಹೊತ್ತಿಗೆ ಅಲೆಗಳ ಕುಲುಕಿಗೆ ಬಿಡಿಸಿಕೊಂಡು ಪಕ್ಕಕ್ಕೆ ಮಲಗಿತು. ಹೆರ್ಮಿನಿಯಾ ಎಳೆಹಗ್ಗ ಹಿಡಿದು ಒರಗಿದಳು. ದೋಣಿ ಅಲುಗಲಿಲ್ಲ. ಹಗ್ಗಕ್ಕೆ ಒಣಗಹಾಕಿದ ಬಟ್ಟೆಯಂತೆ ಆಕೆ ತೂಗಾಡಿದಳು. ಮತ್ತೆ ಒರಗಿದಳು, ಮತ್ತೆ. ಕ್ಲೋರಿಂದಾ ಏಪ್ರನ್ನಿನಲ್ಲಿ ಮುಖ ಮುಚ್ಚಿಕೊಂಡಳು. ಮೋಟಾರ್ ಬೋಟಿನಲ್ಲಿದ್ದ ಎವರಿಸ್ತೊ ಎದ್ದು ನಿಂತ.

ಆಗ ಆಕೆ ಒಂದು ವಿಚಿತ್ರ ಕೆಲಸ ಮಾಡಿದಳು. ತೊಟ್ಟಿದ್ದ ಕೋಟಿನ ಎರಡೂ ತೋಳುಗಳ ತುದಿಯನ್ನು ದಾರದಿಂದ ಬಿಗಿದು, ಸೊಂಟಕ್ಕೆ ಹಗ್ಗ ಸುತ್ತಿ, ನೀರಿಗಿಳಿದು ಕೊರಳಪಟ್ಟಿ ಅಗಲಿಸಿ ಕುಳಿತಳು. ಕಾಯಿಲೆ ಕಿತ್ತುಕೊಂಡ ಜಾಗಕ್ಕೆಲ್ಲ ನದಿ ನುಗ್ಗಿ ತುಂಬಿತು. ಮತ್ತೆ ಒಡಲ ಮೇಲೆ ತೆವಳಿ ಎದ್ದಾಗ ತೋಳು ಉಬ್ಬಿ, ಬೆನ್ನು ಉಬ್ಬಿ, ನಮ್ಮ ಹಳೆಯ ಗೋರ್ದಾಳೇ ನಿಂತಿದ್ದಳು! ಆಕೆ ಆರಾಮಕುರ್ಚಿಯಲ್ಲಿ ಒರಗಿದಂತೆ ಒರಗಿದಳು. ಕಂಬ ನೀರಿನಿಂದ ಮೆಲ್ಲನೆ ಮೇಲೆದ್ದಿತು, ಹಾಯಿಯಡಿ ಗಾಳಿ ಹೊಕ್ಕಿತು, ದೋಣಿ ದಡಕ್ಕನೆ ಎದ್ದು ನಿಂತಿತು. ಮರಗಟ್ಟೆ ಮುರಿದುಬೀಳುವಂತೆ ನಾವು ಕುಣಿದೆವು.

ಆಕೆ ನೀರಿನಲ್ಲಿ ತೇಲುತ್ತ, ದೋಣಿ ಹತ್ತಲು ಕೋಟಿನ ನೀರು ಚೆಲ್ಲಬೇಕೆಂದು ಸೊಂಟದ ಗಂಟಿಗೆ ಕೈಹಾಕಿದಳು. ಗಂಟು ಬಿಚ್ಚಲಿಲ್ಲ. ಅಷ್ಟರಲ್ಲಿ ಹಾಯಿ ಪಟಪಟಿಸುವುದನ್ನು ನಿಲ್ಲಿಸಿ, ಹೊಟ್ಟೆ ತುಂಬಿಸಿಕೊಂಡು, ದೋಣಿ ಹೊರಟೇಬಿಟ್ಟಿತು. ಜನ್ಮವಿಡೀ ಲೋಕಕ್ಕೆಲ್ಲ ಕೂಗಿ ಹೇಳಿದವಳು ತನ್ನ ಹಾಯಿಹಗ್ಗವನ್ನು ಬಿಟ್ಟಿರಲಿಲ್ಲ. ಚಳಿಗಾಲವೆಲ್ಲ ತೂಕ, ತೂಕ ಎಂದು ಯೋಚಿಸಿದ ನಮ್ಮಲ್ಲಿ ಒಬ್ಬರಿಗೂ ಹಗ್ಗದ ನೆನಪಾಗಿರಲಿಲ್ಲ.

ಉಬ್ಬಿದ ಕೋಟಿನಲ್ಲಿ ಆಕೆ ತಡಕಾಡುವುದನ್ನು ಕಂಡ ಎವರಿಸ್ತೊ ಇಸ್ತ್ರಿಯ ಅಂಗಿ ಸಮೇತ ನೀರಿಗೆ ಹಾರಿದ.

"ನನ್ನ ಬಿಡೋ ಮಾರಾಯ! ದೋಣಿ ಹಿಡಿ!" ಎಂದು ಹೆರ್ಮಿನಿಯಾ ಕಿರುಚಿದಳು.

"ದೋಣಿ ಮುಳುಗಲ್ಲ ಸೆನ್ಯೋರಾ, ನೀವು ಮುಳುಗ್ತೀರಿ!"

"ಲೈಫ್ ಜಾಕೆಟ್ ಇದ್ಯಲ್ಲೋ ಒಳಗೆ! ಅಯ್ಯೋ, ನಿನ್ ಬೋಟು ನೋಡು!"

ಆಳಿಲ್ಲದ ಮೋಟಾರ್ ಬೋಟೂ ತನ್ನ ದಾರಿ ಹಿಡಿದಿತ್ತು. ಎರಡೂ ಒಂದರ ಹಿಂದೊಂದು ಹೋಗಿ ಜೊಂಡಿನಲ್ಲಿ ಸಿಕ್ಕಿಕೊಂಡವು. ಇವರಿಬ್ಬರೂ ತೇಲುತ್ತ ಮರಳದಿಬ್ಬ ಸೇರಿ ಎದ್ದು ನಿಂತರು.

"ಎದ್ದಿತಲ್ಲೇ! ಪಾಸು! ಪಾಸು!" ಎಂದು ಕ್ಲೋರಿಂದಾ ಮರಗಟ್ಟೆಯಿಂದ ಕೂಗಿದಳು. ನಾವೆಲ್ಲ ದನಿಗೂಡಿಸಿದೆವು.

ಹೆರ್ಮಿನಿಯಾ ಕೈಯೆತ್ತಿ ನಮ್ಮನ್ನು ಸುಮ್ಮನಾಗಿಸಿದಳು. "ಎದ್ದಿದ್ದು ದೋಣಿ," ಎಂದಳು, "ನಾನಲ್ಲ."

 ಆಕೆ ಕೊನೆಗೂ ಗಂಟು ಬಿಚ್ಚಿ, ಕೋಟಿನಿಂದ ನದಿಯನ್ನು ಹೊರಗೆ ಸುರಿದು, ಮತ್ತೆ ತೆಳ್ಳಗಾಗಿ, ಹಲ್ಲು ಕಟಕಟಿಸುತ್ತಿದ್ದ ಎವರಿಸ್ತೊನ ಕಡೆ ತಿರುಗಿದಳು. ತಲೆಯಿಂದ ಕಾಲಿನವರೆಗೆ ನೋಡಿದಳು. ಎರಡು ಬೆರಳು ಚಾಚಿ ಅವನ ಹೆಗಲನ್ನು ಮೆಲ್ಲನೆ ಒತ್ತಿದಳು. ಅವನು ಹಿಂದಕ್ಕೆ ವಾಲಿದ, ಇನ್ನೇನು ಬಿದ್ದ ಎನ್ನುವಷ್ಟರಲ್ಲಿ ಮರಳಿ ನೇರವಾಗಿ ನಿಂತ.

"ಪರ್ವಾಗಿಲ್ಲ, ವಾಪಸ್ ಬರ್ತೀಯ" ಎಂದಳು. "ನೀನೂ ನಾನೂ ಸೇರಿದ್ರೆ ಹಳೇ ಗೋರ್ದಾ ಒಬ್ಬಳಾಗ್ತಾಳೆ. ನಾಳೆ ಸಂಜೆ ಬಾ. ನಾನು ಅವನ ಜೊತೆ ಜಗಳ ಆಡುವಾಗ ಮಾತ್ರ ಬಾಯಿ ಹಾಕ್ಬೇಡ, ಅಷ್ಟೇ ಕಥೆ."

"ಯಾರ ಪಕ್ಷ ವಹಿಸ್ಬೇಕು, ಸೆನ್ಯೋರಾ?" ಎಂದು ಎವರಿಸ್ತೊ ಕೇಳಿದ. ಆಕೆ ನಕ್ಕ ನಗೆ ಮರಗಟ್ಟೆಗೂ ಕೇಳಿಸಿತು.

ಜೊಂಡಿನಿಂದ ದೋಣಿಯನ್ನು ಎಳೆದು ತಂದಾಗ ಕಂಬದ ತುದಿಯಲ್ಲಿ ಮುಷ್ಟಿಗಾತ್ರದ ಕೆಸರಿತ್ತು. ಅಂದಿನ ಅಸಾದೋ ಸುಟ್ಟವರು ಇಬ್ಬರು. ಹೊಗೆಗೆ ಕಣ್ಣೊರೆಸಿಕೊಳ್ಳುತ್ತ, ಜೀವನದಲ್ಲಿ ಮೊದಲ ಸಲ ಸುಕ್ಕಾದ ಅಂಗಿಯಲ್ಲಿ, ಎವರಿಸ್ತೊ ಒಂದು ಕಡೆಯ ಮಾಂಸವನ್ನು ಪೂರಾ ಕರಕಲು ಮಾಡಿದ. ಯಾರೂ ದೂರಲಿಲ್ಲ. ಊಟವಾದ ಮೇಲೆ ಅವನೇ ಮಾತೆ ಬೆರೆಸಿ ಹೆರ್ಮಿನಿಯಾಳಿಗೆ ಕೊಟ್ಟ. ಆಕೆ ಹೀರಿ ಹಿಂದಿರುಗಿಸಿದಳು. ಮತ್ತೆ ಕೊಟ್ಟ, ಮತ್ತೆ ಹೀರಿದಳು. ಕೆಟಲ್ ಖಾಲಿಯಾಗುವವರೆಗೂ ಆಕೆಯ ಬಾಯಿಂದ ಥ್ಯಾಂಕ್ಸ್ ಬರಲಿಲ್ಲ.

ಎಂದೂ ಬೀಳದವರನ್ನು ಲೋಕ ಹೊಗಳುತ್ತದೆ, ಬಿದ್ದು ಎದ್ದವರಿಗೆ ಚಪ್ಪಾಳೆ ತಟ್ಟುತ್ತದೆ. ಹೆರ್ಮಿನಿಯಾಳಂಥವರು ಈ ಎರಡೂ ಸಾಲಿಗೆ ಸೇರದವರು. ಇತರರನ್ನು ಎಬ್ಬಿಸುವುದಕ್ಕೆಂದೇ ತಮ್ಮ ಭಾರವನ್ನೆಲ್ಲ ಖರ್ಚು ಮಾಡಿದವರು ಅವರು, ಆ ಭಾರ ಮುಗಿದ ದಿನ ಸಾಮಾನ್ಯವಾಗಿ ಮುಖ ಸಣ್ಣದು ಮಾಡಿಕೊಂಡು ಮನೆ ಸೇರುತ್ತಾರೆ. ಅಂಥವರಲ್ಲಿ ಎಲ್ಲೋ ಒಬ್ಬಿಬ್ಬರು ಮಾತ್ರ ತಮ್ಮ ಹಗ್ಗದ ಮೇಲೆ ಇನ್ನೊಬ್ಬರ ಕೈಗೆ ಜಾಗ ಬಿಡುತ್ತಾರೆ, ಅದೂ ಒದ್ದೆ ಛತ್ರಿಯಷ್ಟು ತೂಕದವರ ಕೈಗೆ. ಈಗಲೂ ಸಂಜೆಯ ಹೊತ್ತು ಆ ದೋಣಿ ಗೆರೆಯಷ್ಟು ದೂರ ಹೋಗುತ್ತದೆ. ಗಾಳಿ ಈ ಕಡೆ ಬೀಸಿದರೆ ಜಗಳದ ದನಿ ಕೇಳಿಸುತ್ತದೆ. ಇತ್ತೀಚೆಗೆ ಎವರಿಸ್ತೊ ಕೂಡ ಬಾಯಿ ಹಾಕಿ, ತೆಯೋಫಿಲೊನ ಪರವಾಗಿ ವಾದಿಸುತ್ತಿದ್ದಾನೆ.